ಕಾಶಿಯ ಸತ್ತು, ಪಂಚಮಿಯ ಉಂಡಿ ಮತ್ತು ನೂರು ರೂಪಾಯಿಯ ಬಾರ್

ಊರು ಬಿಟ್ಟು ದುಡಿಯುವವರ ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಚಾರ್ಜರ್ ಜತೆಗೆ ಒಂದು ಪ್ರೊಟೀನ್ ಬಾರ್ ಇರುವುದು ಈಗ ಮಾಮೂಲು. ಬೆಳಿಗ್ಗೆ ತಿಂಡಿ ಮಾಡಲು ಪುರುಸೊತ್ತಿಲ್ಲ, ಮಧ್ಯಾಹ್ನ ಮೀಟಿಂಗ್ ಮುಗಿಯುವುದಿಲ್ಲ, ಸಂಜೆ ಜಿಮ್‌ಗೆ ಹೋಗಬೇಕು. ಮೂರಕ್ಕೂ ಅದೇ ಒಂದು ಉತ್ತರ. ಅದರಲ್ಲೂ ಇತ್ತೀಚೆಗೆ ‘ಹೋಲ್‌ಫುಡ್’ ಎಂಬ ಹೆಸರಿನ ಬಾರ್‌ಗಳು ಬಂದಿವೆ. ಖರ್ಜೂರ, ಬಾದಾಮಿ, ಶೇಂಗಾ ಇಷ್ಟೇ ಇದೆ, ಲ್ಯಾಬಿನ ಪದಾರ್ಥ ಯಾವುದೂ ಇಲ್ಲ ಎನ್ನುತ್ತದೆ ಹೊದಿಕೆ. ಬಾರ್ ತಿನ್ನುವುದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನೇ ಊಟ ಎಂದು ನಂಬಿ ತಟ್ಟೆ ಬದಿಗಿಡುವುದರ ಬಗ್ಗೆ ಇದೆ.

ನಾನು ವಾರಾಣಸಿಯಲ್ಲಿ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ಕೋಡ್ ಬರೆಯುವವನು. ಬಿಎಚ್‌ಯು ಗೇಟಿನ ಎದುರಿನ ಲಂಕಾ ಪ್ರದೇಶದಲ್ಲಿ ಓಡಾಡಿದರೆ ಔಷಧ ಅಂಗಡಿ, ಕಿರಾಣಿ ಅಂಗಡಿ, ಜಿಮ್ ಎಲ್ಲ ಕಡೆ ಈ ಬಾರ್‌ಗಳು ಸಿಗುತ್ತವೆ. ಇವುಗಳ ತವರೂರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಅಲ್ಲಿ ಹುಟ್ಟಿದ ‘ಯೋಗ ಬಾರ್’ ಅನ್ನು ಕೊಳ್ಳುವುದಾಗಿ ಐಟಿಸಿ 2023ರಲ್ಲಿ ಪ್ರಕಟಿಸಿತು. ಅಂದರೆ ಇದು ನಾಲ್ಕು ಜನ ಜಿಮ್ ಹುಡುಗರ ಹವ್ಯಾಸವಾಗಿ ಉಳಿದಿಲ್ಲ. ದೊಡ್ಡ ಮಾರುಕಟ್ಟೆ. ಹಾಗಿದ್ದ ಮೇಲೆ ಲೆಕ್ಕವನ್ನೂ ಸರಿಯಾಗಿ ಕೇಳಬೇಕು.

ನಾವೇ ಒಂದು ಬಾರ್ ಮಾಡೋಣ. ತೂಕ 40 ಗ್ರಾಂ. ಖರ್ಜೂರ 20 ಗ್ರಾಂ, ಬಾದಾಮಿ 12 ಗ್ರಾಂ, ಶೇಂಗಾ 8 ಗ್ರಾಂ. ಖರ್ಜೂರ ಸೇರದೆ ಬಾರ್ ಅಂಟಿಕೊಂಡು ನಿಲ್ಲುವುದಿಲ್ಲ, ಆದ್ದರಿಂದ ಅರ್ಧ ಭಾಗ ಅದಕ್ಕೇ ಹೋಯಿತು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 24 ಗ್ರಾಂ, ಬಾದಾಮಿಯಲ್ಲಿ 18 ಗ್ರಾಂ, ಖರ್ಜೂರದಲ್ಲಿ ಎರಡೂವರೆ ಗ್ರಾಂ ಪ್ರೊಟೀನ್ ಇರುತ್ತದೆ. ಕೂಡಿಸಿದರೆ ನಮ್ಮ ಬಾರ್‌ನಲ್ಲಿ ಪ್ರೊಟೀನ್ ಐದು ಗ್ರಾಂ ಕೂಡ ಮುಟ್ಟುವುದಿಲ್ಲ. ಕ್ಯಾಲೊರಿ ಮಾತ್ರ ಸುಮಾರು 180. ಖರ್ಜೂರದ ಸಕ್ಕರೆಯೇ 12ರಿಂದ 14 ಗ್ರಾಂ, ಅಂದರೆ ಹೆಚ್ಚುಕಡಿಮೆ ಮೂರು ಚಮಚ. ಅದು ಹಣ್ಣಿನ ಸಕ್ಕರೆ, ಜತೆಗೆ ನಾರಿದೆ ಎನ್ನುವುದು ನಿಜ. ಮಧುಮೇಹ ಇರುವವರು ಮಾತ್ರ ಅದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಈಗ ಇನ್ನೊಂದು ಲೆಕ್ಕ. ಪ್ರತಿ 100 ಕ್ಯಾಲೊರಿಗೆ ಎಷ್ಟು ಗ್ರಾಂ ಪ್ರೊಟೀನ್ ಸಿಗುತ್ತದೆ ಎಂದು ನೋಡೋಣ. ಆಹಾರಗಳನ್ನು ಹೋಲಿಸಲು ಇದಕ್ಕಿಂತ ಸರಳ ಅಳತೆ ನನಗೆ ಗೊತ್ತಿಲ್ಲ. ಮೇಲಿನ ಬಾರ್‌ಗೆ ಸಿಗುವುದು ಎರಡೂವರೆ. ಬಿಳಿ ಅಕ್ಕಿಗೆ ಎರಡರ ಮೇಲೆ ಸ್ವಲ್ಪ. ಗೋಧಿ ಹಿಟ್ಟಿಗೆ ಮೂರಕ್ಕಿಂತ ಹೆಚ್ಚು. ಹಾಲಿಗೆ ನಾಲ್ಕೂವರೆ, ತೊಗರಿಬೇಳೆಗೆ ಆರಕ್ಕಿಂತ ಹೆಚ್ಚು, ಮೊಟ್ಟೆಗೆ ಒಂಬತ್ತರ ಆಸುಪಾಸು. ಪ್ರೊಟೀನ್‌ಗೆಂದೇ ಕೊಂಡ ಬಾರ್ ಈ ಅಳತೆಯಲ್ಲಿ ಒಂದು ಚಪಾತಿಗೂ ಸೋಲುತ್ತದೆ. ಬಾದಾಮಿ, ಶೇಂಗಾ ಕೆಟ್ಟವೇನಲ್ಲ. ಅವುಗಳಲ್ಲಿ ಒಳ್ಳೆಯ ಕೊಬ್ಬು ಇದೆ, ನಾರು ಇದೆ, ಮೆಗ್ನೀಸಿಯಂ ಇದೆ. ಆದರೆ ಅವುಗಳ ಕ್ಯಾಲೊರಿಯ ಬಹುಪಾಲು ಬರುವುದು ಕೊಬ್ಬಿನಿಂದ.

ಹಾಗಾದರೆ 10 ಗ್ರಾಂ, 20 ಗ್ರಾಂ ಪ್ರೊಟೀನ್ ಎಂದು ಬರೆದುಕೊಂಡ ಬಾರ್‌ಗಳು? ಅವು ಸುಳ್ಳು ಹೇಳುತ್ತಿಲ್ಲ. ಚೀಸ್ ಮಾಡುವಾಗ ಉಳಿಯುವ ತಿಳಿಯಿಂದ ಬೇರ್ಪಡಿಸಿ ಒಣಗಿಸಿದ ವೇ ಪ್ರೊಟೀನ್ ಪುಡಿಯನ್ನೋ, ಸೋಯಾದಿಂದ ತೆಗೆದ ಪ್ರೊಟೀನನ್ನೋ ಸೇರಿಸಿರುತ್ತಾರೆ. ವೇ ಗುಣಮಟ್ಟದ ಪ್ರೊಟೀನ್, ಅದರಲ್ಲಿ ಅನುಮಾನವಿಲ್ಲ. ಆದರೆ ಕಾರ್ಖಾನೆಯಲ್ಲಿ ಸೋಸಿ ಬೇರ್ಪಡಿಸಿದ ಪುಡಿಯನ್ನು ‘ಇಡೀ ಆಹಾರ’ ಎಂದು ಕರೆಯಲು ಬರುವುದಿಲ್ಲ. ಕೆಲವದರಲ್ಲಿ ಸಕ್ಕರೆಯ ಬದಲು ಮಾಲ್ಟಿಟಾಲ್‌ನಂಥ ಸಿಹಿಕಾರಕವೂ ಇರುತ್ತದೆ. ಹೆಚ್ಚಾದರೆ ಹೊಟ್ಟೆ ಉಬ್ಬರ, ಭೇದಿ. ಆದ್ದರಿಂದ ಗ್ರಾಹಕರಾದ ನಾವು ಒಂದು ಮಾತು ತಿಳಿದಿರಬೇಕು. ನಿಜಕ್ಕೂ ಇಡೀ ಕಾಳು, ಬೀಜ, ಹಣ್ಣಿನಿಂದಷ್ಟೇ ಮಾಡಿದ ಬಾರ್‌ನಲ್ಲಿ ಪ್ರೊಟೀನ್ ಸಾಧಾರಣವೇ ಇರುತ್ತದೆ. ಪ್ರೊಟೀನ್ ಜಾಸ್ತಿ ಇರುವ ಬಾರ್‌ನಲ್ಲಿ ಪುಡಿ ಬೆರೆಸಿರುತ್ತಾರೆ. ಎರಡೂ ಗುಣ ಒಂದೇ ಹೊದಿಕೆಯಲ್ಲಿ ಸಿಗುತ್ತವೆ ಎಂದರೆ ಹಿಂದೆ ತಿರುಗಿಸಿ ಓದಿ.

ಇದನ್ನೆಲ್ಲ ಕಾಶಿಯಲ್ಲಿ ಕುಳಿತು ಬರೆಯಲು ಕಾರಣವಿದೆ. ಈ ಊರಿನ ಬಡವರ ಬಳಿ ಇದಕ್ಕೆ ಹಳೆಯ ಉತ್ತರವಿದೆ. ಅದರ ಹೆಸರು ಸತ್ತು. ಕಾಶಿಗೆ ಬಂದ ಕನ್ನಡಿಗರಿಗೆ ‘ಸತ್ತು’ ಎಂಬ ಬೋರ್ಡ್ ಕಂಡರೆ ಬೇರೆಯೇ ಅರ್ಥ ಹೊಳೆಯುತ್ತದೆ. ನನ್ನನ್ನು ನೋಡಲು ಬಂದ ಸೋದರಮಾವ ಅದನ್ನು ಕೇಳಿ, ‘ಕಾಶಿಗೆ ಬಂದ ಮ್ಯಾಲೆ ಇದನ್ನೂ ಕುಡೀಬೇಕೇನಪಾ?’ ಎಂದು ನಕ್ಕಿದ್ದರು. ಹುರಿದ ಕಡಲೆಯ ಹಿಟ್ಟು ಅದು, ಅಷ್ಟೇ. ಬಿಸಿ ಮರಳಿನಲ್ಲಿ ಕಡಲೆ ಹುರಿದು ಬೀಸುತ್ತಾರೆ. ಬೇಸಿಗೆಯಲ್ಲಿ ರಸ್ತೆ ಬದಿಯ ಗಾಡಿಯಲ್ಲಿ ನೀರಿಗೆ ಸತ್ತು ಕಲಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕಪ್ಪು ಉಪ್ಪು, ನಿಂಬೆರಸ ಹಾಕಿ ಕೊಡುತ್ತಾರೆ. ರಿಕ್ಷಾ ತುಳಿಯುವವರು, ಮೂಟೆ ಹೊರುವವರು ಅದನ್ನು ಕುಡಿದು ಮಧ್ಯಾಹ್ನದ ಬಿಸಿಲಿಗೆ ಇಳಿಯುತ್ತಾರೆ. ಏಪ್ರಿಲ್ ನಡುವಿನ ಮೇಷ ಸಂಕ್ರಾಂತಿಯನ್ನು ಇಲ್ಲಿ ‘ಸತುವಾನ್’ ಎಂದೇ ಕರೆಯುತ್ತಾರೆ. ಆ ದಿನ ಗಂಗೆಯಲ್ಲಿ ಮಿಂದು ಸತ್ತು ದಾನ ಮಾಡಿ, ತಾವೂ ತಿನ್ನುತ್ತಾರೆ.

ನೂರು ಗ್ರಾಂ ಸತ್ತುವಿನಲ್ಲಿ 20ರಿಂದ 22 ಗ್ರಾಂ ಪ್ರೊಟೀನ್ ಇದೆ. ನಮ್ಮ ಬಾರ್‌ನ ತೂಕದ, ಅಂದರೆ 40 ಗ್ರಾಂ ಸತ್ತು ತೆಗೆದುಕೊಂಡರೆ 8 ಗ್ರಾಂ ದಾಟುತ್ತದೆ. ಸಕ್ಕರೆ ಹಾಕುವ ಪ್ರಮೇಯವೇ ಇಲ್ಲ. ನಮ್ಮ ಬೀದಿಯ ಅಂಗಡಿಯಲ್ಲಿ ಕಾಲು ಕಿಲೋಗೆ 50 ರೂಪಾಯಿ ಕೊಡುತ್ತೇನೆ. ನೂರು ರೂಪಾಯಿಯ ಒಂದು ಬಾರ್‌ನ ಅರ್ಧ ಬೆಲೆಗೆ ಐದಾರು ದಿನದ ಸತ್ತು ಬಂತು.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಕಡಲೆಯ ಪ್ರೊಟೀನ್ ಹಾಲು, ಮೊಟ್ಟೆಯ ಪ್ರೊಟೀನ್‌ನಷ್ಟು ಪೂರ್ಣವಲ್ಲ. ಕಾಳುಗಳಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಕಡಿಮೆ, ಅಕ್ಕಿ–ಗೋಧಿಯಲ್ಲಿ ಲೈಸಿನ್ ಕಡಿಮೆ. ಎರಡನ್ನೂ ಸೇರಿಸಿ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪೂರ್ವಾಂಚಲದ ಲಿಟ್ಟಿ ನೋಡಿ: ಹೊರಗೆ ಗೋಧಿ, ಒಳಗೆ ಸತ್ತು. ನಮ್ಮ ಹೋಳಿಗೆಯೂ ಹಾಗೇ: ಹೊರಗೆ ಕಣಕ, ಒಳಗೆ ಕಡಲೆಬೇಳೆ. ಅನ್ನ–ಸಾರು, ರೊಟ್ಟಿ–ಹೆಸರುಕಾಳು ಪಲ್ಯ, ಇಡ್ಲಿ ಎಲ್ಲದರಲ್ಲೂ ಇದೇ ಜೋಡಿ.

ನಾನು ಗದಗ ಕಡೆಯವನು. ನಾಗರಪಂಚಮಿಗೆ ನಮ್ಮಲ್ಲಿ ಡಬ್ಬಿಗಟ್ಟಲೆ ಉಂಡಿ ಕಟ್ಟುತ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ತಂಬಿಟ್ಟು. ಪುಟಾಣಿ, ಶೇಂಗಾ, ಬೆಲ್ಲ ಸೇರಿಸಿ ಕಟ್ಟಿದ 40 ಗ್ರಾಂನ ಒಂದು ಉಂಡಿಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಸಿಗುತ್ತದೆ. ಖರ್ಜೂರದ ಬಾರ್‌ಗಿಂತ ಒಂದು ಕೈ ಮೇಲೆ. ಬೆಲ್ಲವೂ ಸಕ್ಕರೆಯೇ, ಉಂಡಿ ನಮ್ಮದು ಎಂದ ಮಾತ್ರಕ್ಕೆ ಆ ಸಕ್ಕರೆ ಕಡಿಮೆಯಾಗುವುದಿಲ್ಲ. ದಿನಕ್ಕೆ ನಾಲ್ಕು ತಿಂದರೆ ಅದೂ ತಪ್ಪೇ.

ಕಡಲೆ–ಶೇಂಗಾದ ಶಕ್ತಿಯನ್ನು ವಿಜ್ಞಾನ ಗುರುತಿಸಿದ್ದೂ ನಮ್ಮ ನೆಲದಲ್ಲೇ. 1950ರಲ್ಲಿ ಆರಂಭವಾದ ಮೈಸೂರಿನ ಸಿಎಫ್‌ಟಿಆರ್‌ಐ ತನ್ನ ಮೊದಲ ದಶಕಗಳಲ್ಲಿ ಅಪೌಷ್ಟಿಕತೆ ನೀಗಲು ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಆಹಾರ ರೂಪಿಸಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು, ಮೇಲೆ ವಿಟಮಿನ್ ಮತ್ತು ಕ್ಯಾಲ್ಸಿಯಂ. ಹಸಿದ ಮಕ್ಕಳಿಗೆ ಅಗ್ಗದಲ್ಲಿ ಪ್ರೊಟೀನ್ ತಲುಪಿಸುವುದು ಅವರ ಗುರಿಯಾಗಿತ್ತು. ಅದೇ ಕಾಳು, ಅದೇ ಬೀಜ ಈಗ ಮಿರುಗುವ ಹೊದಿಕೆಯಲ್ಲಿ ಉಳ್ಳವರಿಗೆ ದುಬಾರಿ ಬೆಲೆಗೆ ಸಿಗುತ್ತಿದೆ.

ಹಣ ಇದ್ದವರು ಕೊಳ್ಳಲಿ ಬಿಡಿ ಎನ್ನಬಹುದು. ನನ್ನ ಚಿಂತೆ ಹಣದ್ದಷ್ಟೇ ಅಲ್ಲ. ಇಲ್ಲಿ ಸಂಶೋಧನೆ ಮಾಡುವ ಹಾವೇರಿ ಕಡೆಯ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದು ಹೋಗುತ್ತಾಳೆ. ಮೆಸ್ಸಿನ ರೊಟ್ಟಿ, ಆಲೂ ಸೇರುವುದಿಲ್ಲ ಎಂದು ತಿಂಗಳುಗಟ್ಟಲೆ ಮಧ್ಯಾಹ್ನ ಬಾರ್ ತಿಂದೇ ದಿನ ತಳ್ಳಿದಳು. ಊರಿಂದ ಫೋನ್ ಬಂದರೆ, ‘ಪ್ರೊಟೀನ್ ತಿನ್ನಾಕತ್ತೇನಬೇ, ಕಾಳಜಿ ಮಾಡಬ್ಯಾಡ’ ಎನ್ನುತ್ತಿದ್ದಳು. ಸುಸ್ತು ಹೆಚ್ಚಾಗಿ ಪರೀಕ್ಷೆ ಮಾಡಿಸಿದಾಗ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು. ರಕ್ತಹೀನತೆಗೆ ಹತ್ತು ಕಾರಣ ಇರುತ್ತವೆ, ಬಾರ್‌ನ ಮೇಲೆ ಆ ತಪ್ಪು ಹೊರಿಸಲು ಬರುವುದಿಲ್ಲ. ಆದರೆ ಸೊಪ್ಪು, ತರಕಾರಿ, ಮೊಸರು, ಬೇಳೆ ಎಲ್ಲವೂ ತಟ್ಟೆಯಿಂದ ಮಾಯವಾಗಿದ್ದು ಅವಳಿಗಾಗಲಿ ಅವಳ ಅವ್ವನಿಗಾಗಲಿ ಗೊತ್ತೇ ಆಗಲಿಲ್ಲ. ‘ಪ್ರೊಟೀನ್’ ಎಂಬ ಒಂದೇ ಪದ ಇಬ್ಬರಿಗೂ ಸಮಾಧಾನ ಕೊಟ್ಟಿತ್ತು. ಮನೆಯಿಂದ ಸಾವಿರಾರು ಕಿಲೋಮೀಟರ್ ದೂರ ಇರುವವರಿಗೆ ಈ ಸಮಾಧಾನವೇ ಅಪಾಯ. ‘ಊಟ ಆತೇನು?’ ಎಂದು ಎದುರು ನಿಂತು ಕೇಳುವವರು ಇಲ್ಲಿ ಯಾರೂ ಇರುವುದಿಲ್ಲ.

ಅಷ್ಟಕ್ಕೂ ನಮಗೆ ಬೇಕಾದದ್ದು ಎಷ್ಟು? ಐಸಿಎಂಆರ್‌ನ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ. ಎರಡು ಹೊತ್ತು ಗಟ್ಟಿ ಬೇಳೆ ಅಥವಾ ಕಾಳು, ಒಂದು ಬಟ್ಟಲು ಮೊಸರು, ಒಂದು ಲೋಟ ಹಾಲು, ಹಿಡಿ ಶೇಂಗಾ, ತಿನ್ನುವವರಾದರೆ ಎರಡು ಮೊಟ್ಟೆ, ಜತೆಗೆ ಅನ್ನ ರೊಟ್ಟಿಯಲ್ಲಿರುವುದು ಸೇರಿದರೆ ಆ ಲೆಕ್ಕ ಮುಟ್ಟುವುದು ಕಷ್ಟವಲ್ಲ. ನಾವು ಎಡವುವುದು ಬೇಳೆಯ ಅಳತೆಯಲ್ಲಿ. ದೊಡ್ಡ ಗುಡ್ಡೆ ಅನ್ನಕ್ಕೆ ತಿಳಿಸಾರು ಹಾಕಿಕೊಂಡು, ಸಂಜೆ ಬಾರ್ ತಿಂದು ಸರಿದೂಗಿಸಲು ನೋಡುತ್ತೇವೆ.

ಬಾರ್‌ಗೂ ಅದರದೇ ಜಾಗ ಇದೆ. ಮೈಸೂರು–ವಾರಾಣಸಿ ಎಕ್ಸ್‌ಪ್ರೆಸ್‌ನಲ್ಲಿ ಎರಡು ದಿನ ಕೂರುವಾಗ, ರಾತ್ರಿ ಎರಡಕ್ಕೆ ಸರ್ವರ್ ಕೈಕೊಟ್ಟು ಎದ್ದಾಗ ಬಿಸ್ಕತ್ತು, ಸಮೋಸಾಕ್ಕಿಂತ ಅದು ಎಷ್ಟೋ ವಾಸಿ. ಕೆಡುವುದಿಲ್ಲ, ಕೈ ಅಂಟುವುದಿಲ್ಲ. ಕೊಳ್ಳುವಾಗ ಹೊದಿಕೆಯ ಹಿಂಬದಿಯಲ್ಲಿ ಮೂರು ಸಂಗತಿ ನೋಡಿದರೆ ಸಾಕು. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕೆಂದು ನಿಯಮವಿದೆ, ಆದ್ದರಿಂದ ಮೊದಲ ಮೂರು ಹೆಸರು ಓದಿ. ಖರ್ಜೂರ ಮೊದಲಿದ್ದರೆ ಅದು ಸಿಹಿತಿಂಡಿ ಎಂದೇ ತಿಳಿಯಿರಿ. ಎರಡನೆಯದು, ಪ್ರೊಟೀನ್ ಅನ್ನು ಕ್ಯಾಲೊರಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಐದಕ್ಕಿಂತ ಕಡಿಮೆ ಬಂದರೆ ಪ್ರೊಟೀನ್‌ಗಾಗಿ ಅದನ್ನು ಕೊಳ್ಳಬೇಡಿ. ಮೂರನೆಯದು, ಒಟ್ಟು ಸಕ್ಕರೆ ಎಷ್ಟು ಗ್ರಾಂ ಎಂದು ನೋಡಿ.

ಉತ್ತರ ಭಾರತದಲ್ಲಿರುವವರು ಒಮ್ಮೆ ಸತ್ತು ತಂದು ಮಜ್ಜಿಗೆಯಲ್ಲಿ ಕಲಸಿ ಕುಡಿಯಿರಿ, ಕಡಲೆಯ ಜತೆ ಹಾಲಿನ ಪ್ರೊಟೀನೂ ಸೇರುತ್ತದೆ. ಸತ್ತು ಸಿಗದ ಕಡೆ ಪುಟಾಣಿ ಮಿಕ್ಸಿಗೆ ಹಾಕಿ, ಕೆಲಸ ಮುಗಿಯಿತು. ಎರಡು ನಿಮಿಷವೂ ಬೇಡ. ಊರಿನಿಂದ ಯಾರಾದರೂ ಬರುವವರಿದ್ದರೆ ಬಾರ್ ತರಬೇಡಿ, ಒಂದು ಡಬ್ಬಿ ಪುಟಾಣಿ ಚಟ್ನಿಪುಡಿ, ಒಂದು ಡಬ್ಬಿ ಶೇಂಗಾ ಹಿಂಡಿ ತನ್ನಿ ಎಂದು ಹೇಳಿ. ರೊಟ್ಟಿ ಇಲ್ಲೇ ಸಿಗುತ್ತದೆ.