ಹಂದಿಮಾಂಸ ಇಲ್ಲವೆಂದರೆ ಸಾಕೇ?

ಕೆಲಸಕ್ಕೋ ಕಲಿಕೆಗೋ ಜಪಾನಿಗೆ ಹೋದವರು ನಿಮ್ಮ ಕುಟುಂಬದಲ್ಲೂ ಇರಬಹುದು. ಜುಲೈ, ಆಗಸ್ಟ್ ಅಲ್ಲಿ ಸೆಕೆಗಾಲ. ಊರೂರಲ್ಲಿ 'ಮತ್ಸುರಿ' ಎಂಬ ಬಯಲು ಉತ್ಸವಗಳು, ನದಿದಂಡೆಗಳಲ್ಲಿ ಪಟಾಕಿ ಪ್ರದರ್ಶನಗಳು ನಡೆಯುವ ಕಾಲ. ದಾರಿಯ ಇಕ್ಕೆಲಗಳಲ್ಲಿ 'ಯತಾಯಿ' ಎಂಬ ತಿಂಡಿ ಅಂಗಡಿಗಳ ಸಾಲು. ಮಕ್ಕಳನ್ನು ಕರೆದುಕೊಂಡು ಹೋದ ನಮ್ಮವರು ಅಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಇದರಲ್ಲಿ ಹಂದಿಮಾಂಸ ಇದೆಯೇ?' ಇಲ್ಲ ಎಂದರೆ ಸಮಾಧಾನ. ಶುಚಿತ್ವದ ಬಗ್ಗೆ ಕೇಳುವುದೇ ಇಲ್ಲ, ಜಪಾನ್ ಸ್ವಚ್ಛ ದೇಶವಲ್ಲವೇ! ಈ ಎರಡು ಸಮಾಧಾನಗಳೂ ಅರ್ಧಂಬರ್ಧ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದನ್ನು ನೋಡಿ. ಯಾಕಿಸೋಬ ಎಂಬ ನೂಡಲ್ಸ್, ಒಕೊನೊಮಿಯಾಕಿ ಎಂಬ ಎಲೆಕೋಸಿನ ದೋಸೆ, ಇವೆರಡಕ್ಕೂ ಹಂದಿಮಾಂಸದ ಚೂರು ಹಾಕುವುದು ಅಲ್ಲಿ ಸಾಮಾನ್ಯ. ನಿಮಗಾಗಿ ಮಾಂಸವಿಲ್ಲದೆ ಮಾಡಿಕೊಟ್ಟರೂ ಕಾವಲಿ ಅದೇ, ಸಟ್ಟುಗ ಅದೇ, ಕಾವಲಿಯ ಮೇಲಿನ ಕೊಬ್ಬೂ ಅದೇ. ಯಾಕಿತೋರಿ ಎಂದರೆ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿಮಾಂಸ. ಹಂದಿ ಇಲ್ಲ, ನಿಜ. ಆದರೆ ಕೋಳಿಯ ಜಬಹ್ ಹೇಗಾಯಿತು? ಮೇಲೆ ಸವರುವ ಸಿಹಿ ಸಾಸ್‌ಗೆ ಸಾಕೆ ಎಂಬ ಅಕ್ಕಿಯ ಮದ್ಯ, ಮಿರಿನ್ ಎಂಬ ಸಿಹಿ ಮದ್ಯ ಬೆರೆಸುವುದು ರೂಢಿ. ಅಡುಗೆಗೆ ಬಳಸುವ ಅಸಲಿ ಮಿರಿನ್‌ನಲ್ಲಿ ಸುಮಾರು ಶೇ. 14ರಷ್ಟು ಮದ್ಯಸಾರವಿರುತ್ತದೆ. ಹುರಿದ ಕೋಳಿ ಕರಾಅಗೆಯನ್ನು ನೆನೆಹಾಕುವ ಮಸಾಲೆಗೂ ಸಾಕೆ ಸೇರುತ್ತದೆ. ಗುಂಡಗಿನ ತಕೊಯಾಕಿಯೊಳಗೆ ಇರುವುದು ಆಕ್ಟೋಪಸ್. ಶಾಫಿಈ ಮದ್‌ಹಬ್‌ನ ನಮ್ಮ ಕರಾವಳಿಯ ಮನೆಗಳಿಗೆ ಅದು ಅನುವದನೀಯ, ಮೀನನ್ನಷ್ಟೇ ಒಪ್ಪುವ ಹನಫಿ ಮನೆಗಳಿಗೆ ಅಲ್ಲ. ಅಂಗಡಿಯಲ್ಲಿ ಕೊಳ್ಳುವ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯಾದರೂ ಇರುತ್ತದೆ. ಎದುರಲ್ಲೇ ಬೇಯಿಸಿ ಕೊಡುವ ತಿಂಡಿಗೆ ಅದೂ ಇಲ್ಲ. ಕೇಳಿ ತಿಳಿಯುವುದೊಂದೇ ದಾರಿ.

ಇನ್ನು ಎರಡನೆಯದು. 2014ರ ಜುಲೈಯಲ್ಲಿ ಶಿಝುವೊಕ ನಗರದ ಪಟಾಕಿ ಉತ್ಸವದಲ್ಲಿ ಒಂದು ತಿಂಡಿ ತಿಂದ 500ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. 100ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆ ತಿಂಡಿ ಯಾವುದು ಗೊತ್ತೇ? ಉಪ್ಪಿನಲ್ಲಿ ನೆನೆಸಿ, ಕಡ್ಡಿಗೆ ಚುಚ್ಚಿ, ತಣ್ಣಗೆ ಮಾರಿದ ಸೌತೆಕಾಯಿ! ಮಾಂಸವಿಲ್ಲ, ಮದ್ಯವಿಲ್ಲ, ಎಣ್ಣೆಯೂ ಇಲ್ಲ. ಎಲ್ಲ ಬಿಟ್ಟು 'ಇದೊಂದು ಸುರಕ್ಷಿತ' ಎಂದು ನಾವು ಮಕ್ಕಳ ಕೈಗೆ ಕೊಡುವಂಥದ್ದೇ. ಕಾರಣ ಇ-ಕೋಲಿ ಓ157 ಎಂಬ ಬ್ಯಾಕ್ಟೀರಿಯಾ. ದನಕರುಗಳ ಕರುಳಲ್ಲಿರುವ ಇದು ತೀರಾ ಅಲ್ಪ ಪ್ರಮಾಣದಲ್ಲಿ ಹೊಟ್ಟೆ ಸೇರಿದರೂ ಸಾಕು, ರಕ್ತಭೇದಿ ತರುತ್ತದೆ. ಪುಟ್ಟ ಮಕ್ಕಳಲ್ಲಿ ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ಬೇಯಿಸಿದರೆ ಅದು ಸಾಯುತ್ತದೆ, ಆದರೆ ಹಸಿ ತರಕಾರಿಯನ್ನು ಯಾರೂ ಬೇಯಿಸುವುದಿಲ್ಲವಲ್ಲ. ಬೀದಿ ಎಷ್ಟೇ ಸ್ವಚ್ಛವಾಗಿರಲಿ, ತರಕಾರಿ ಹೆಚ್ಚಿದ ಕೈ ಮತ್ತು ಚಾಕು ಹೇಗಿದ್ದವು ಎಂದು ಬೀದಿ ಹೇಳಲಾರದು.

ಸೂರಃ ಅಲ್ ಬಕರದ 168ನೆಯ ವಚನವು ಹಲಾಲ್ ಮತ್ತು ತಯ್ಯಿಬ್ ಎಂಬ ಎರಡು ಪದಗಳನ್ನು ಜೊತೆಯಾಗಿಯೇ ಹೇಳಿದೆ. ಅನುಮತಿ ಇರುವುದರ ಜೊತೆಗೆ ಶುದ್ಧವೂ ಉತ್ತಮವೂ ಆಗಿರಬೇಕು. ಪ್ರವಾದಿವರ್ಯರು(ಸ) ಪಾತ್ರೆಗಳನ್ನು ಮುಚ್ಚಿಡಲು ಕಲಿಸಿದರು, ಪಾನೀಯಕ್ಕೆ ಊದುವುದನ್ನು ತಡೆದರು. ನಾವಾದರೋ ಮೊದಲ ಪದವನ್ನು ಹಿಡಿದುಕೊಂಡು ಎರಡನೆಯದನ್ನು ಮರೆತಿದ್ದೇವೆ.

ಹಾಗಾದರೆ ಉತ್ಸವಕ್ಕೆ ಹೋಗಿ ಬಾಯಿ ಕಟ್ಟಿಕೊಂಡು ಬರಬೇಕೇ? ಬೇಕಿಲ್ಲ. ಉಪ್ಪು ಸವರಿ ಕೆಂಡದಲ್ಲಿ ಸುಟ್ಟ ಅಯು ಎಂಬ ಹೊಳೆಮೀನು, ಬಿಸಿ ಆಲೂಗಡ್ಡೆಗೆ ಬೆಣ್ಣೆ ಹಾಕಿದ ಜಾಗಬತಾ, ಸಾಸ್ ಸವರದೆ ಸುಟ್ಟ ಜೋಳದ ತೆನೆ, ಇವೆಲ್ಲ ನಮಗೆ ಹೊಂದುತ್ತವೆ. ಸಾಸ್ ಬೇಡವೆಂದು ಮೊದಲೇ ಹೇಳಿ. 'ಬುತಾನಿಕು' ಎಂದರೆ ಹಂದಿಮಾಂಸ. ಅದರ ಜೊತೆಗೆ 'ಸಾಕೆ', 'ಮಿರಿನ್' ಎಂಬ ಹೆಸರುಗಳನ್ನೂ ಮಕ್ಕಳಿಗೆ ಕಲಿಸಿಡಿ.

ಆಹಾರ ವಿಷವಾಗದಂತೆ ತಡೆಯಲು ಜಪಾನಿನ ಆರೋಗ್ಯ ಇಲಾಖೆ ತನ್ನ ಜನರಿಗೆ ಮೂರು ಸೂತ್ರಗಳನ್ನು ಕಲಿಸುತ್ತದೆ: ರೋಗಾಣು ತಗಲಬಾರದು, ಬೆಳೆಯಬಾರದು, ಉಳಿಯಬಾರದು. ಅದರಂತೆ ನೀವೂ ನೋಡಿ. ಹಣ ಮುಟ್ಟಿದ ಕೈಯಲ್ಲೇ ತಿಂಡಿ ಎತ್ತಿಕೊಡುತ್ತಿದ್ದರೆ ಮುಂದಿನ ಅಂಗಡಿಗೆ ಹೋಗಿ. ಮಾಡಿಟ್ಟು ಆರಿದ್ದನ್ನು ಬಿಟ್ಟು ನಿಮ್ಮ ಕಣ್ಣೆದುರೇ ಬೇಯಿಸಿದ್ದನ್ನು ಕೊಳ್ಳಿ. ಮಾಂಸವಾಗಲಿ ಮೀನಾಗಲಿ ಒಳಗಿನವರೆಗೆ ಬೆಂದಿರಬೇಕು. ನಡುಭಾಗ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷವಾದರೂ ಬೇಯಬೇಕು ಎಂಬುದು ಅಲ್ಲಿನ ಸೂಚನೆ. ಕೊಂಡದ್ದನ್ನು ಸೆಕೆಯಲ್ಲಿ ಹೊತ್ತು ತಿರುಗದೆ ಆಗಲೇ ತಿಂದುಬಿಡಿ. ಕೈ ತೊಳೆಯಲು ಒಂದು ಬಾಟಲಿ ನೀರು, ಸಾಬೂನು ನಿಮ್ಮ ಚೀಲದಲ್ಲಿರಲಿ.

ಓ157ರ ಲಕ್ಷಣಗಳು ಸಾಮಾನ್ಯವಾಗಿ ಮೂರು ದಿನ ಕಳೆದ ಮೇಲೆ ಕಾಣುತ್ತವೆ. ಅಷ್ಟರಲ್ಲಿ ಉತ್ಸವ ಮರೆತೇ ಹೋಗಿರುತ್ತದೆ. ಮಗುವಿಗೆ ಹೊಟ್ಟೆನೋವು, ರಕ್ತ ಬೆರೆತ ಭೇದಿ ಕಂಡರೆ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಕೂಡಲೇ ವೈದ್ಯರ ಬಳಿ ಹೋಗಿ, ಎಲ್ಲಿ, ಯಾವಾಗ, ಏನು ತಿಂದಿತೆಂದು ಹೇಳಿ.

ಜಪಾನೀ ಗೆಳೆಯರ ನಡುವೆ ನಮ್ಮ ಮಗು ಒಂದು ತಿಂಡಿಯನ್ನು ಬೇಡವೆಂದರೆ ಅದಕ್ಕೆ ನಾಚಿಕೆಯಾಗಬಾರದು. ಯಾಕೆ ಬೇಡವೆಂದು ನಾವು ಮನೆಯಲ್ಲೇ ತಿಳಿಸಿದ್ದರೆ ನಾಚಿಕೆಯಾಗುವುದೂ ಇಲ್ಲ. 'ಇದು ನಮಗೆ ಅನುಮತಿಯೇ? ಇದು ಶುದ್ಧವೇ?' ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಲು ಕಲಿತ ಮಗು ಶಿಝುವೊಕದಲ್ಲೂ ಎಚ್ಚರವಾಗಿರುತ್ತದೆ, ರಮಝಾನಿನ ಸಂಜೆ ನಮ್ಮೂರಿನ ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣಿನ ಮುಂದೆಯೂ ಎಚ್ಚರವಾಗಿರುತ್ತದೆ.