ಅಣ್ಣ ಬರುವ ಹೊತ್ತಿಗೆ

ಊರು ಬಿಟ್ಟವರನ್ನು ಕುರಿತ ಈ ಸಂಚಿಕೆಯನ್ನು ಜೋಡಿಸುವಾಗ ನನ್ನನ್ನು ಬಹಳ ಕಾಡಿದವರು ಮಿಖಾಯಿಲ್ ಬೆರೆನ್ಸ್ ಎಂಬ ರಷ್ಯನ್ ನೌಕಾಧಿಕಾರಿ.

1904ರ ಜಪಾನ್ ಯುದ್ಧದಲ್ಲಿ ಅವರು ಮುತ್ತಿಗೆಗೆ ಸಿಕ್ಕ ಪೋರ್ಟ್ ಆರ್ಥರ್‌ನಲ್ಲಿದ್ದರು. ಅಣ್ಣ ಯೆವ್ಗೆನಿ 'ವರ್ಯಾಗ್' ಹಡಗಿಗೆ ದಾರಿ ಗೊತ್ತುಮಾಡುವ ಅಧಿಕಾರಿ. 1915ರ ಆಗಸ್ಟ್‌ನಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮಿಖಾಯಿಲ್ ನಡೆಸುತ್ತಿದ್ದ 'ನೋವಿಕ್' ಹಡಗು ಒಂಟಿಯಾಗಿ ಎರಡು ಜರ್ಮನ್ ಹಡಗುಗಳನ್ನು ಎದುರಿಸಿತು. ಅದರ ಫಿರಂಗಿ ಏಟು ತಿಂದ ಒಂದು ಹಡಗು ನೀರಿನಲ್ಲಿ ಹುದುಗಿಸಿದ್ದ ಸಿಡಿಮದ್ದುಗಳ (ಮೈನ್) ನಡುವೆ ಸಿಕ್ಕಿ ಮುಳುಗಿತು. ಸೇಂಟ್ ಜಾರ್ಜ್ ಪದಕ ಅವರ ಎದೆಗೇರಿತು.

ರಷ್ಯದಲ್ಲಿ ಕ್ರಾಂತಿ ಬಂದಾಗ ಮನೆ ಎರಡಾಯಿತು. ಅಣ್ಣ ಬೋಲ್ಶೆವಿಕರ ಕೆಂಪು ನೌಕಾಪಡೆಯ ಮುಖ್ಯಸ್ಥರಾದರು, ತಮ್ಮ ಬೋಲ್ಶೆವಿಕರ ವಿರುದ್ಧ ಹೋರಾಡಿದ ಬಿಳಿ ಸೇನೆಯ ಪಾಳೆಯ ಸೇರಿದರು. 1920ರ ನವೆಂಬರ್‌ನಲ್ಲಿ ಕ್ರೈಮಿಯಾ ಕೈತಪ್ಪಿದಾಗ 126 ಹಡಗುಗಳಲ್ಲಿ ಸುಮಾರು 1,45,000 ಜನ ಕಾನ್‌ಸ್ಟಾಂಟಿನೋಪಲ್ ದಾರಿ ಹಿಡಿದರು. ಅಲ್ಲಿಂದ ಮೂವತ್ತಕ್ಕೂ ಹೆಚ್ಚು ಹಡಗುಗಳು, ಸುಮಾರು 6,000 ಜನ, ಫ್ರೆಂಚರ ಹಿಡಿತದಲ್ಲಿದ್ದ ಟ್ಯುನೀಸಿಯದ ಬಿಝೆರ್ತ್ ಬಂದರಿಗೆ ಹೋದರು. ಮರುವರ್ಷ ಅವರ ಹೊಣೆ ಬೆರೆನ್ಸ್ ಹೆಗಲಿಗೆ ಬಿತ್ತು.

ನೋವಿಕ್‌ನ ಗೆಲುವಿಗಿಂತ ಬಿಝೆರ್ತ್‌ನಲ್ಲಿ ಕಳೆದ ನಾಲ್ಕು ವರ್ಷಗಳೇ ನನಗೆ ದೊಡ್ಡವು. ದೇಶವೇ ಇಲ್ಲದ ನೌಕಾಪಡೆ ಅದು. 'ಗಿಯೋರ್ಗಿ ಪೊಬೆದೊನೊಸೆತ್ಸ್' ಎಂಬ ಹಳೆಯ ಯುದ್ಧನೌಕೆಯಲ್ಲಿ ಸಂಸಾರಗಳು ಬಾಳಿದವು, ಮಕ್ಕಳು ಅಲ್ಲೇ ಪಾಠ ಕಲಿತರು. ಜೆಬೆಲ್ ಕೆಬೀರ್ ಕೋಟೆಯಲ್ಲಿ ಹುಡುಗರಿಗೆ ನೌಕಾವಿದ್ಯೆ ಹೇಳಿಕೊಟ್ಟರು. ಮುಂದೆ ಯಾವ ಹಡಗು ಹತ್ತುತ್ತೀರಿ ಎಂದು ಆ ಹುಡುಗರಿಗೆ ಯಾರು ಹೇಳಬಲ್ಲವರಾಗಿದ್ದರು?

1924ರ ಅಕ್ಟೋಬರ್ 28ರಂದು ಫ್ರಾನ್ಸ್ ಸೋವಿಯತ್ ಸರಕಾರವನ್ನು ಮಾನ್ಯಮಾಡಿತು. ಮರುದಿನ ಸಂಜೆಯೇ ಹಡಗುಗಳ ಮೇಲಿನ ರಷ್ಯನ್ ನೌಕಾಪಡೆಯ ನೀಲಿ ಶಿಲುಬೆಯ ಬಾವುಟ ಕೊನೆಯ ಬಾರಿಗೆ ಇಳಿಯಿತು. ನೌಕಾಧಿಕಾರಿಗಳಾಗಿ ಎದ್ದವರು ನಿರಾಶ್ರಿತರಾಗಿ ಮಲಗಿದರು.

ಡಿಸೆಂಬರ್‌ನಲ್ಲಿ ಹಡಗುಗಳನ್ನು ಪರಿಶೀಲಿಸಲು ಸೋವಿಯತ್ ಸರಕಾರದ ತಂಡ ಬಂತು. ಮುಂದಾಳು, ಹಡಗುಶಾಸ್ತ್ರದ ಹೆಸರಾಂತ ಪಂಡಿತ ಅಲೆಕ್ಸೇಯ್ ಕ್ರಿಲೋವ್. ಜತೆಗಿದ್ದವರಲ್ಲಿ ಯೆವ್ಗೆನಿ ಬೆರೆನ್ಸ್ ಒಬ್ಬರು. ಅಷ್ಟು ವರ್ಷಗಳ ಮೇಲೆ ಅಣ್ಣ ಒಂದೇ ಊರಿಗೆ ಬರುವಾಗ ತಮ್ಮ ಬಿಝೆರ್ತ್ ಬಿಟ್ಟು ಟ್ಯೂನಿಸ್‌ಗೆ ಹೋದರು. ತಾನು ಎದುರಾದರೆ ಅಣ್ಣನಿಗೆ ಮಾಸ್ಕೋದಲ್ಲಿ ಕುತ್ತು ಬಂದೀತೆಂಬ ಅಳುಕು. ನಾಲ್ಕು ವರ್ಷ ಕಾದುಕೊಂಡಿದ್ದ ಹಡಗುಗಳನ್ನು ಬಂದವರು ಹತ್ತಿ ನೋಡುವಾಗ ತೋರಿಸಲು ಮಿಖಾಯಿಲ್ ಅವರೇ ಅಲ್ಲಿರಲಿಲ್ಲ. ಇಷ್ಟು ಮೌನವಾದ ಅಕ್ಕರೆಯನ್ನು ನಾನು ಯುದ್ಧದ ಕತೆಗಳಲ್ಲಿ ಕಂಡದ್ದು ಕಡಿಮೆ.

ಯೆವ್ಗೆನಿ 1928ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಮಿಖಾಯಿಲ್ ಟ್ಯುನೀಸಿಯದಲ್ಲೇ ಉಳಿದರು. ಇಳಿವಯಸ್ಸಿನಲ್ಲಿ ಚರ್ಮದ ಚೂರುಗಳಿಂದ ಹೆಂಗಸರ ಕೈಚೀಲ ಹೊಲಿದು ಹೊಟ್ಟೆ ಹೊರೆದರಂತೆ. 1943ರಲ್ಲಿ ಟ್ಯೂನಿಸ್ ಬಳಿಯ ಮೆಗ್ರೀನ್‌ನಲ್ಲಿ ಅವರ ಉಸಿರು ನಿಂತಿತು. ತಂಡ ನೋಡಿಹೋದ ಆ ಹಡಗುಗಳು ರಷ್ಯಕ್ಕೆ ಮರಳಲೇ ಇಲ್ಲ. ಒಂದೊಂದಾಗಿ ಗುಜರಿಗೆ ಹೋದವು.