ಹೊಸ ಬ್ಯಾಟರಿ, ಹಳೇ ರೆಗ್ಯುಲೇಟರ್
ಈ ವಾರ ಹೊಸಪೇಟೆಯ ಗ್ಯಾರೇಜೊಂದರಲ್ಲಿ ಕಂಪ್ಲಿಯ ಹುಡುಗನೊಬ್ಬ ಅಪ್ಪನ ಕಾಲದ ಬುಲೆಟ್‌ಗೆ ಲಿಥಿಯಂ ಬ್ಯಾಟರಿ ಕೂರಿಸಿಕೊಡಿ ಎಂದು ಕೇಳುತ್ತ ನಿಂತಿದ್ದ. ಆಸೆ ಸರಿಯೇ. 3 ಕಿಲೋ ಆಸುಪಾಸಿನ ಸೀಸದ ಬ್ಯಾಟರಿಯ ಜಾಗಕ್ಕೆ 1 ಕಿಲೋದ್ದು ಬರುತ್ತದೆ, ಡಿಸ್ಟಿಲ್ಡ್ ವಾಟರ್ ತುಂಬುವ ರಗಳೆಯಿಲ್ಲ, ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೂ ಚಾರ್ಜ್ ಬೇಗ ಇಳಿಯದು. ಆದರೆ ಸುಮಾರು 180 ಕಿಲೋ ತೂಗುವ ಗಾಡಿಗೆ ಸಂಡೂರಿನ ಏರಿನಲ್ಲಿ ಆ 2 ಕಿಲೋ ಉಳಿತಾಯ ಗೊತ್ತೇ ಆಗುವುದಿಲ್ಲ; ನನ್ನ ಚಿಂತೆಯಂತೂ ಬೇರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಕಟ್ಟೆ ಗಟ್ಟಿಯಾಗಿಯೇ ಇತ್ತು, ಹತೋಟಿ ತಪ್ಪಿದ್ದು ಗೇಟಿನಲ್ಲಿ. ಬೈಕಿನಲ್ಲಿ ಆ ಗೇಟಿನ ಕೆಲಸ ರೆಗ್ಯುಲೇಟರ್‌ನದು. ಲಿಥಿಯಂ ಐರನ್ ಫಾಸ್ಫೇಟಿನ ನಾಲ್ಕು ಸೆಲ್ಲುಗಳ ಬ್ಯಾಟರಿಗೆ ಚಾರ್ಜಿಂಗ್ ಮಿತಿ 14.6 ವೋಲ್ಟ್. ಸವೆದ ರೆಗ್ಯುಲೇಟರ್ 15 ದಾಟಿಸಿದರೆ ಸೀಸದ ಬ್ಯಾಟರಿ ನೀರು ಕಳೆದುಕೊಂಡು ಒಂದಷ್ಟು ದಿನ ಸಹಿಸೀತು, ಲಿಥಿಯಂ ಸಹಿಸದು. 6 ವೋಲ್ಟಿನ ಹಳೇ ಜಾವಾ, ಯೆಜ್ಡಿಗಳಿಗಂತೂ 12 ವೋಲ್ಟಿನದು ಹೊಂದುವುದೇ ಇಲ್ಲ. ಎಂಜಿನ್ ರೇಸ್ ಮಾಡಿ, ಬ್ಯಾಟರಿಯ ತುದಿಗಳಿಗೆ ಮಲ್ಟಿಮೀಟರ್ ಹಿಡಿದು ನೋಡಿ, 14.6 ಮೀರಿದರೆ ಕೈಯಲ್ಲಿರುವ ಹಣ ಮೊದಲು ಹೊಸ ರೆಗ್ಯುಲೇಟರ್‌ಗೆ ಹೋಗಲಿ.